ಬಟ್ಟೆ ಕೋಣೆಯ ಬಾಗಿಲು

ಟೈಲರಕ್ಕನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುತ್ತಿದ್ದುದು ಅವಳ ಮಷೀನಿಗೆ. ಸಮಾಧಾನದ ದಿನ ಒಂದೇ ಸಮನೆ ಗುಂಯ್ ಎಂದು ಓಡುತ್ತಿದ್ದದ್ದು, ಸಿಟ್ಟಿನ ದಿನ ತಡೆದು ತಡೆದು ಓಡಿ, ದಾರ ಕಡಿದು, ಸೂಜಿ ಮುರಿದು ನಿಲ್ಲುತ್ತಿತ್ತು. "ಥೂ, ನಿನ್ನ..." ಅಂತ ಅರ್ಧ ಮಾತು ಅವಳ ಬಾಯಿಂದ ಬೀಳುತ್ತಿತ್ತು. ಉಳಿದರ್ಧವನ್ನು ನುಂಗಿಕೊಳ್ಳುತ್ತಿದ್ದಳು, ಯಾಕೆಂದರೆ ಮೇಜಿನ ಸುತ್ತ ಮಕ್ಕಳಿರುತ್ತಿದ್ದರು. ಆ ಮನೆಯಲ್ಲಿ ಮಕ್ಕಳಿಲ್ಲದ ಮೂಲೆ ಹುಡುಕುವುದೆಂದರೆ ಹರಸಾಹಸ.

ಮನೆ ಅಂದರೆ ಅಪ್ಪ, ಅಮ್ಮ, ಎರಡು ಕೋಣೆ ಅಂದುಕೊಳ್ಳಬೇಡಿ. ಅದು ಹಿಂದೆ ಸೋಪಿನ ಕಾರ್ಖಾನೆಯಾಗಿತ್ತು. ಕಾರ್ಖಾನೆ ಮುಚ್ಚಿಹೋಗಿ, ಕಿಟಕಿಯ ಗಾಜೆಲ್ಲ ಪುಡಿಯಾಗಿ, ಪಾರಿವಾಳಗಳ ಪಾಲಾಗಿದ್ದ ಕಟ್ಟಡವನ್ನು ಒಂದಷ್ಟು ಸಂಸಾರಗಳು ಸೇರಿ ಹಿಡಿದಿದ್ದವು. ಒಟ್ಟಿಗೆ ಇರೋಣ, ಒಟ್ಟಿಗೆ ದುಡಿಯೋಣ, ಮಕ್ಕಳು ನಮ್ಮ ಕಣ್ಣೆದುರಿಗೇ ನಮ್ಮ ಕೆಲಸ ನೋಡಿಕೊಂಡೇ ಕಲಿಯಲಿ ಅಂತ. ಕೆಳಗೆ ಬೇಕರಿ, ಪಕ್ಕದಲ್ಲಿ ಸೈಕಲ್ ರಿಪೇರಿ, ಮೆಟ್ಟಿಲ ಕೆಳಗೆ ಗಡಿಯಾರದ ತಾತನ ಬೆಂಚು, ಮಹಡಿಯ ಮೇಲೆ ಹೊಲಿಗೆ. ಕೈಗೂಸಿನಿಂದ ಹಿಡಿದು ಹಲ್ಲಿಲ್ಲದವರ ತನಕ ಎಲ್ಲ ವಯಸ್ಸಿನವರೂ ಅಲ್ಲಿದ್ದರು. ಶಾಲೆ ಮಾತ್ರ ಇರಲಿಲ್ಲ. ಗೋಡೆ ಒದ್ದೆಯಾದ ದಿನ ಈಗಲೂ ಸೋಪಿನ ವಾಸನೆ ಬರುತ್ತಿತ್ತು. ಅದಕ್ಕೇ ಬೇಕರಿಯಣ್ಣ "ನಮ್ಮ ಬ್ರೆಡ್ ತಿಂದ್ರೆ ಹೊಟ್ಟೆನೂ ಶುದ್ಧ ಆಗುತ್ತೆ" ಅಂತ ಗಿರಾಕಿಗಳಿಗೆ ತಮಾಷೆ ಮಾಡುತ್ತಿದ್ದ.

ಆ ಮನೆಯವರದ್ದು ಎರಡು ಕಟ್ಟುಪಾಡು. ಕೇಳದವರಿಗೆ ಕಲಿಸಬಾರದು, ಇದು ಒಂದು. ಒಬ್ಬರು ಕಲಿತದ್ದನ್ನು ಇನ್ನೊಬ್ಬರು ಡಂಗುರ ಸಾರಬಾರದು, ಕಲಿತವರೇ ತಮಗೆ ಬೇಕೆನಿಸಿದಾಗ ಹೇಳಬೇಕು, ಇದು ಇನ್ನೊಂದು. ಕೇಳೋಕೆ ಸುಲಭ, ನಡೆಸೋಕೆ ನಾಲಿಗೆ ಕಚ್ಚಿಕೊಂಡಿರಬೇಕು. ಅಡುಗೆ ಅಜ್ಜಿಗೆ ಅರವತ್ತು ದಾಟಿದ ಮೇಲೆ ಸೈಕಲ್ ಕಲಿಯುವ ಹುಚ್ಚು ಹಿಡಿಯಿತು. ಕಲಿಸು ಅಂತ ಕೇಳಿದ್ದು ಯಾರನ್ನ? ಎಂಟು ವರ್ಷದ ಪಿನ್ನಿಯನ್ನ. ಪಿನ್ನಿ ಸೀಟು ಹಿಡಿದುಕೊಂಡು ಹಿಂದೆ ಓಡುತ್ತಾ "ಚಕ್ರ ನೋಡ್ಬೇಡಿ ಅಜ್ಜೀ, ಮುಂದೆ ನೋಡಿ! ಅಯ್ಯೋ ಮುಂದೆ!" ಅಂತ ಅಂಗಳ ಕಿತ್ತುಹೋಗುವ ಹಾಗೆ ಕಿರುಚುತ್ತಿದ್ದಳು. ಅಜ್ಜಿ ಹೋಗಿ ಮೈದಾ ಮೂಟೆಗಳ ಮೇಲೆ ಬಿದ್ದು ಬಿಳೀ ಗೊಂಬೆಯಾಗಿ ಎದ್ದದ್ದನ್ನು ಮನೆಯೆಲ್ಲ ನೋಡಿತು. ನೋಡಿ, ತುಟಿ ಪಿಟಕ್ಕೆನ್ನದೆ ಒಳಗೆ ಹೋಯಿತು. ಕೊನೆಗೊಂದು ದಿನ ಊಟಕ್ಕೆ ಕೂತಾಗ ಅಜ್ಜಿಯೇ, "ಇವತ್ತು ಕಾಲು ಊರದೆ ಒಂದು ಸುತ್ತು ಹೊಡೆದೆ ಕಣ್ರೋ" ಅಂದಾಗ ತಟ್ಟೆ ಬಡಿದು ಗದ್ದಲವೋ ಗದ್ದಲ.

ಈ ಪಿನ್ನಿ ಟೈಲರಕ್ಕನ ಒಬ್ಬಳೇ ಮಗಳು. ಅಂಬೆಗಾಲಿನ ಕಾಲದಲ್ಲಿ ನೆಲಕ್ಕೆ ಬಿದ್ದ ಗುಂಡುಪಿನ್ನುಗಳನ್ನೆಲ್ಲ ಹೆಕ್ಕಿ ಅಮ್ಮನಿಗೆ ಕೊಡುತ್ತಿದ್ದಳಂತೆ, ಒಂದನ್ನೂ ಬಾಯಿಗೆ ಹಾಕಿಕೊಳ್ಳದೆ. ಹಾಗೆ ಬಂದ ಹೆಸರು.

ಅದು ಈ ಮನೆಗೆ ಬರುವ ಮೊದಲಿನ ಮಾತು. ಆಗ ಟೈಲರಕ್ಕನಿದ್ದದ್ದು ಒಂದೇ ಒಂದು ಬಾಡಿಗೆ ಕೋಣೆಯಲ್ಲಿ. ಕೆಲಸ ಹುಡುಕಿಕೊಂಡು ಬರ್ತೀನಿ ಅಂತ ಹೋದ ಗಂಡ, ಕೆಲಸದ ಜೊತೆಗೆ ಇನ್ನೊಬ್ಬಳನ್ನೂ ಹುಡುಕಿಕೊಂಡು ಅಲ್ಲೇ ಉಳಿದುಬಿಟ್ಟ. ಕೋಣೆಯಲ್ಲಿ ಉಳಿದದ್ದು ತುಳಿಯುವ ಮಷೀನು, ಸ್ಟೋವು, ಮಗು. ಬೆಳಗಿನಿಂದ ಕತ್ತಲಾಗುವ ತನಕ ಅವಳು ಮಷೀನು ತುಳಿಯುತ್ತಿದ್ದಳು, ಮಗು ಮಷೀನಿನ ಕೆಳಗೆ ಪೆಡಲಿನ ಪಕ್ಕ ಕೂತು ಅಮ್ಮನ ಕಾಲಿಗೆ ಒರಗಿಕೊಂಡಿರುತ್ತಿತ್ತು. ಬಾಗಿಲು ಹಾಕಿಕೊಂಡರೆ ಜಗತ್ತಿನಲ್ಲಿ ಇಬ್ಬರೇ. ಏಪ್ರನ್ ಹೊಲಿಸೋಕೆ ಬಂದ ಬೇಕರಿಯಣ್ಣ ಅದನ್ನು ನೋಡಿ, "ಇದೇನಮ್ಮಾ ಮಗೂನ ಮಷೀನಿನ ಕೆಳಗೆ ಬೆಳೆಸ್ತಿದ್ದೀರಾ? ನಮ್ಮಲ್ಲಿಗೆ ಬನ್ನಿ" ಅಂತ ಕರೆದ. ಅವಳು ಮಷೀನು, ಮಗು ಎರಡನ್ನೂ ಹೊತ್ತುಕೊಂಡು ಬಂದಳು.

ಬಂದ ಹೊಸದರಲ್ಲಿ ಅವಳಿಗೆ ಎಷ್ಟು ಹಾಯೆನಿಸಿತು ಅಂತೀರಿ! ನಾಲ್ಕು ವರ್ಷದ ಪಿನ್ನಿ ಮಕ್ಕಳ ಹಿಂಡಿನಲ್ಲಿ ಸೇರಿ ಮಾಯವಾದಳು. ಯಾರ ತಟ್ಟೆಯಲ್ಲೋ ಊಟ, ಯಾರ ಮಗ್ಗುಲಲ್ಲೋ ನಿದ್ದೆ. ಅಂಟಿಕೊಂಡಿದ್ದದ್ದು ಬಿಟ್ಟಿತಲ್ಲ ಅಂತ ಟೈಲರಕ್ಕ ಉಸಿರುಬಿಟ್ಟಳು. ಹಳೆಯ ತುಳಿಯುವ ಮಷೀನನ್ನು ಬಟ್ಟೆ ಕೋಣೆಗೆ ತಳ್ಳಿ, ಗೋಣಿಚೀಲ ಹೊದಿಸಿ, ಮನೆಯವರು ಕೊಡಿಸಿದ ಮೋಟಾರಿನ ಮಷೀನಿಗೆ ಕೂತಳು. ಸುತ್ತ ಮಕ್ಕಳು ಬಂದು ನಿಲ್ಲುತ್ತಿದ್ದರು, ಮುಟ್ಟುತ್ತಿದ್ದರು, ಕೇಳುತ್ತಿದ್ದರು. ಯಾವಾಗ ಕಲಿತವೋ ಏನೋ, ಮೂರು ನಾಲ್ಕು ಮಕ್ಕಳು ಕಾಜಾ ಹಾಕೋಕೆ, ಗುಂಡಿ ಹೊಲಿಯೋಕೆ ಶುರುಮಾಡಿದವು. ಅವುಗಳ ನಡುವೆ ಪಿನ್ನಿ ಬಂದು "ಅಮ್ಮಾ" ಅಂದರೆ, ಟೈಲರಕ್ಕ ತಲೆಯೆತ್ತದೆ, "ಸರದಿ ಮೇಲೆ ಬಾರೇ, ಎಲ್ಲರೂ ಕಾಯ್ತಿಲ್ವಾ" ಅನ್ನುತ್ತಿದ್ದಳು. ಹೀಗೆ ಅಂದೆ ಅನ್ನುವುದೂ ಅವಳಿಗೆ ನೆನಪಿರಲಿಲ್ಲ. ನೆನಪಾದದ್ದು ಎಲ್ಲ ಆದ ಮೇಲೆ.

ಎಲ್ಲ ಶುರುವಾದದ್ದು ಅವಳ ಅಕ್ಕ ಬಂದಾಗಿನಿಂದ.

ಅಕ್ಕ ಶಾಲೆಯಲ್ಲಿ ಟೀಚರು. ಓದಿನಲ್ಲಿ ಯಾವತ್ತೂ ಮೊದಲು. ಇವಳು ಯಾವತ್ತೂ ಕೊನೆ. ನೆಂಟರು ಬಂದಾಗಲೆಲ್ಲ ಅಪ್ಪ, "ದೊಡ್ಡವಳದು ತಲೆ ಓಡುತ್ತೆ, ಚಿಕ್ಕವಳದು ಕೈ ಓಡುತ್ತೆ" ಅಂತ ನಗಾಡುತ್ತಿದ್ದರು. ನೆಂಟರೂ ನಗುತ್ತಿದ್ದರು. ತರಗತಿಯಲ್ಲಿ ಇವಳನ್ನು ಓದೋಕೆ ಎಬ್ಬಿಸಿ ನಿಲ್ಲಿಸಿದರೆ ಸಾಲು ಕಣ್ಣಮುಂದೆ ಕಲಸಿಹೋಗುತ್ತಿತ್ತು, ಮೇಷ್ಟ್ರು ಸ್ಕೇಲಿನಿಂದ ಗೆಣ್ಣಿಗೆ ಹೊಡೆದು "ಕಲ್ಲು ತಲೆ" ಅನ್ನುತ್ತಿದ್ದರು. ಇಡೀ ತರಗತಿಗೆ ಅವಳ ಹೆಸರೇ ಅದಾಗಿಹೋಗಿತ್ತು. ಈಗಲೂ ಅಂಗಡಿ ಬೋರ್ಡು ಓದಬೇಕಾದರೆ ಅವಳು ಒಂದು ನಿಮಿಷ ನಿಂತು, ತುಟಿ ಅಲ್ಲಾಡಿಸಿ, ಯಾರಾದರೂ ನೋಡುತ್ತಿದ್ದಾರಾ ಅಂತ ಅತ್ತಿತ್ತ ನೋಡುತ್ತಿದ್ದಳು.

ಅಕ್ಕ ಹೊಲಿಗೆ ಕೋಣೆಯಲ್ಲಿ ಕೂತು, ದಾರದ ಡಬ್ಬಿಯೊಂದನ್ನು ಪಿನ್ನಿಯ ಮುಂದೆ ಹಿಡಿದಳು. "ಎಲ್ಲಿ ಪುಟ್ಟಿ, ಇದರ ಮೇಲೇನಿದೆ ಓದು."

"ಇನ್ನೂ ಬರಲ್ಲ ದೊಡ್ಡಮ್ಮಾ," ಅಂದಳು ಪಿನ್ನಿ, ಒಂದಿಷ್ಟೂ ಅಳುಕಿಲ್ಲದೆ. "ಪಂಕ್ಚರ್ ಹಾಕೋಕೆ ಬರುತ್ತೆ, ತೋರಿಸ್ಲಾ?"

"ಪಂಕ್ಚರ್ ಹಾಕ್ತಾಳಂತೆ!" ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಟೈಲರಕ್ಕನೂ ನಕ್ಕಳು. ನಗುತ್ತಾ ನಗುತ್ತಾ ಕಿವಿಯ ತನಕ ಕೆಂಪಾದಳು. ಹೋಗುವಾಗ ಗೇಟಿನ ಹತ್ತಿರ ಅಕ್ಕ ಬ್ಯಾಗಿನಿಂದ ಒಂದು ಅಕ್ಷರಮಾಲೆ ಪುಸ್ತಕ ತೆಗೆದು ಕೈಗೆ ತುರುಕಿ, ದನಿ ತಗ್ಗಿಸಿ ಕೇಳಿದಳು: "ಇವಳೂ ನಿನ್ನ ಹಾಗೇ ಆಗ್ಬೇಕೇನೇ?"

ಆ ಮಾತು ಎದೆಯಲ್ಲಿ ನೆಟ್ಟುಕೊಂಡಿತು. ಟೈಲರಕ್ಕನಿಗೆ ಈ ಮನೆಯವರ ಮೇಲೆ ನಂಬಿಕೆಯಿರಲಿಲ್ಲ ಅಂತಲ್ಲ. ಕಾಜಾ ಹಾಕೋದು ಬೇರೆ, ಅಕ್ಷರ ಬೇರೆ ಅಂತ ಅವಳ ಲೆಕ್ಕ. ಅಕ್ಷರ ತಾನಾಗಿಯೇ ಬರುವುದಾಗಿದ್ದರೆ ನನಗ್ಯಾಕೆ ಬರಲಿಲ್ಲ? ಹೀಗೆ ಕೇಳಿಕೊಂಡಳು. ಕೇಳದವರಿಗೆ ಕಲಿಸಬಾರದು ಅನ್ನುವ ಕಟ್ಟುಪಾಡಿಗೆ ತಲೆದೂಗಿದವಳು, ಅದನ್ನು ಮುರಿಯೋಕೆ ಜಾಗ ಹುಡುಕಿದಳು.

ಬಟ್ಟೆ ಕೋಣೆಗೆ ಕಿಟಕಿಯಿರಲಿಲ್ಲ. ಬಟ್ಟೆಯ ಥಾನುಗಳು, ತುಂಡುಗಳ ಮೂಟೆ, ಗೋಣಿ ಹೊದ್ದ ಹಳೇ ಮಷೀನು, ಒಂದು ಬಲ್ಬು. ಸಂಜೆ ಊಟಕ್ಕೆ ಮೊದಲು ಎಲ್ಲರೂ ಅಂಗಳದಲ್ಲಿ ಸೇರುವ ಹೊತ್ತಿಗೆ ಅವಳು ಪಿನ್ನಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದಳು. ಕಪ್ಪು ಲೈನಿಂಗ್ ಬಟ್ಟೆಯ ತುಂಡು ಹಾಸಿ, ಗುರುತು ಹಾಕುವ ಸೀಮೆಸುಣ್ಣದಿಂದ ಅಕ್ಷರ ಬರೆದಳು. ಮುಗಿದ ಮೇಲೆ ಬಟ್ಟೆ ಕೊಡವಿದರೆ ಸಾಕು, ಸಾಕ್ಷಿಯೇ ಇಲ್ಲ. ಕಳ್ಳರಿಗೂ ಇಷ್ಟು ತಲೆ ಓಡುವುದಿಲ್ಲ.

"ಯಾರಿಗೂ ಹೇಳ್ಬಾರ್ದು," ಅಂದಳು.

"ಗುಟ್ಟಾ?"

"ಗುಟ್ಟು."

"ನಾವಿಬ್ರೇನಾ?"

"ನಾವಿಬ್ರೇ."

ಪಿನ್ನಿಯ ಮುಖ ಅರಳಿತು. ಅಕ್ಷರದ ಮೇಲಿನ ಆಸೆ ಅಂದುಕೊಂಡಳು ತಾಯಿ. ಅಯ್ಯೋ ಪುಣ್ಯಾತಗಿತ್ತಿ, ಅಲ್ಲೇ ಒಂದು ಸಲ ಸರಿಯಾಗಿ ನೋಡಿದ್ದರೆ!

ಅಕ್ಷರಗಳೆಲ್ಲ ಬೇಗ ಬಂದವು. ಮಗಳು ಮೊಣಕೈಯೂರಿ ಮಲಗಿಕೊಂಡು, ಅಮ್ಮನ ಮಂಡಿಗೆ ಭುಜ ತಾಗಿಸಿ, ಒಂದೊಂದನ್ನೇ ತಿದ್ದುತ್ತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಗಾಡಿ ನಿಂತುಹೋಯಿತು. ಬಿಡಿಬಿಡಿಯಾಗಿ ಗೊತ್ತಿದ್ದದ್ದು ಕೂಡಿಸಿ ಓದು ಅಂದರೆ ಬಾರದು. ನಿನ್ನೆ ಬಂದದ್ದು ಇವತ್ತು ಮರೆತುಹೋಗಿರುತ್ತಿತ್ತು. ಚಳಿಗಾಲ ಕಳೆದು ಬಿಸಿಲು ಬಂತು, ಮಗಳಿಗೆ ಒಂಬತ್ತು ತುಂಬಿತು, ಪಾಠ ಮಾತ್ರ ಅದೇ ಪುಟದಲ್ಲಿ ಕೊಳೆಯುತ್ತಾ ಬಿದ್ದಿತ್ತು. ಟೈಲರಕ್ಕನಿಗೆ ತನ್ನದೇ ಹಳೇ ತರಗತಿ ಕಣ್ಣಿಗೆ ಕಟ್ಟಿತು. ರಕ್ತದಲ್ಲೇ ಬಂದುಬಿಟ್ಟಿದೆ, ಇವಳೂ ನನ್ನಂತೆಯೇ, ಅಂದುಕೊಂಡಾಗ ಅವಳಿಗೆ ಹೆದರಿಕೆಯಾಯಿತು. ಹೆದರಿಕೆ ಅವಳಲ್ಲಿ ಯಾವತ್ತೂ ಸಿಟ್ಟಾಗಿಯೇ ಹೊರಗೆ ಬರುತ್ತಿದ್ದದ್ದು. ಒಂದು ಸಂಜೆ ಕೈಯಲ್ಲಿದ್ದ ಮರದ ಸ್ಕೇಲು ಮಗಳ ಗೆಣ್ಣಿನ ಮೇಲೆ ಬಿತ್ತು.

"ಕಲ್ಲು ತಲೆ!"

ಹೇಳಿದ ಮೇಲೆ ಅವಳಿಗೇ ಆ ದನಿ ಎಲ್ಲಿಂದ ಬಂತು ಅಂತ ಗೊತ್ತಾಯಿತು. ಪಿನ್ನಿ ಅಳಲಿಲ್ಲ. ಗೆಣ್ಣನ್ನು ಬಾಯಲ್ಲಿಟ್ಟುಕೊಂಡು ಚೀಪಿ, "ಮೊದಲಿಂದ ಹೇಳಿಕೊಡಮ್ಮ," ಅಂದಳು.

ಅಕ್ಕ ಮತ್ತೆ ಬಂದಳು. ಈ ಸಲ ಪುಸ್ತಕವನ್ನೇ ಹಿಡಿದು ಕೂತಳು. ಪಿನ್ನಿ ಪುಟ ನೋಡಿದಳು, ಅಮ್ಮನ ಮುಖ ನೋಡಿದಳು, ಬಾಯಿಗೆ ಬೀಗ ಹಾಕಿಕೊಂಡಳು. ಅಕ್ಕ ಈ ಸಲ ನಗಲಿಲ್ಲ. ಮಕ್ಕಳನ್ನೆಲ್ಲ ಆಚೆ ಕಳಿಸಿ, "ನೋಡು, ಒಂದು ವರ್ಷ ನನ್ನ ಹತ್ರ ಬಿಡು," ಅಂದಳು. "ನಮ್ಮ ಶಾಲೆಗೇ ಹಾಕ್ತೀನಿ. ಓದು ಹತ್ತಿಸಿ ಕಳಿಸ್ತೀನಿ. ಬರೋ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ."

ಟೈಲರಕ್ಕ ತಲೆ ತಗ್ಗಿಸಿಕೊಂಡೇ "ಹೂಂ" ಅಂದಳು. ಮಗಳನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಬೇಡ ಅಂತಾಳೆ, ಬೇಡ ಅಂದರೆ ಕಳಿಸೋಕೆ ತನಗೆ ಮನಸ್ಸು ಬರುವುದಿಲ್ಲ ಅಂತ ಗೊತ್ತಿತ್ತು.

ಆ ವಾರ ಶಾಲೆಯ ನೀಲಿ ಫ್ರಾಕು ಹೊಲಿಯೋಕೆ ಕೂತಳು. ಅಳತೆ ತೆಗೆದರೆ ಗುಟ್ಟು ರಟ್ಟಾಗುತ್ತದೆ ಅಂತ ಕಣ್ಣಂದಾಜಿನಲ್ಲೇ ಕತ್ತರಿಸಿದಳು. ಪಿನ್ನಿ ಬಂದು, "ಯಾರದಮ್ಮ ಇದು?" ಅಂದಾಗ, "ಗಿರಾಕಿಯದು ಕಣೇ, ಹೋಗು ಆಟ ಆಡ್ಕೋ," ಅಂದಳು. ಹೊಲಿದು ಮುಗಿಸಿ, ಹಗ್ಗದ ಮೇಲೆ ಒಣಗುತ್ತಿದ್ದ ಪಿನ್ನಿಯ ಲಂಗದ ಪಕ್ಕ ಹಿಡಿದು ನೋಡುತ್ತಾಳೆ, ಗೇಣುದ್ದ ಗಿಡ್ಡ! ಮನೆಯಲ್ಲಿದ್ದವರೆಲ್ಲರ ತೋಳು, ಎದೆ, ಸೊಂಟ ಅವಳ ನಾಲಿಗೆಯ ತುದಿಯಲ್ಲಿತ್ತು. ಬೇಕರಿಯಣ್ಣನ ಹೊಟ್ಟೆ ಎಷ್ಟು ಮುಂದೆ ಬಂದಿದೆ ಅಂತ ಅವನ ಹೆಂಡತಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತಿತ್ತು. ಹೆತ್ತ ಮಗಳು ಇಷ್ಟು ಬೆಳೆದದ್ದು ಗೊತ್ತಾಗಲಿಲ್ಲವಲ್ಲ. ಯಾರೂ ನೋಡುವ ಮೊದಲು ಫ್ರಾಕನ್ನು ಮಡಚಿ ಕಂಕುಳಲ್ಲಿ ಹಿಡಿದು ಒಳಗೆ ಓಡಿದಳು, ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿ.

ಶನಿವಾರ ಸಂಜೆ ಮನೆಯವರೆಲ್ಲ ಊಟದ ಪಡಸಾಲೆಯಲ್ಲಿ ಸೇರಿ ಕೂರುವುದು ರೂಢಿ. ಚಿಕ್ಕವರು ದೊಡ್ಡವರು ಅಂತಿಲ್ಲ, ಯಾರಿಗೆ ಏನು ಹೇಳಬೇಕೋ ಹೇಳಬಹುದು. ಮನೆಯಿಂದ ಯಾರಾದರೂ ಹೋಗುವುದಿದ್ದರೆ ಅಲ್ಲೇ ಹೇಳಬೇಕು. ಟೈಲರಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ನೆಟ್ಟಗೆ ಎರಡು ಮಾತು ಹೇಳಿ ಕೂತುಬಿಡಬೇಕು ಅಂತ ಅವಳ ಎಣಿಕೆ.

"ಪಿನ್ನಿ ನಾಳೆಯಿಂದ ನಮ್ಮಕ್ಕನ ಮನೇಲಿರ್ತಾಳೆ. ಒಂದು ವರ್ಷ. ಅಲ್ಲಿ ಶಾಲೆಗೆ ಹೋಗ್ತಾಳೆ."

ಗಡಿಯಾರದ ತಾತನ ಪಕ್ಕ ಚಾಪೆಯ ಮೇಲೆ ಕೂತಿದ್ದ ಪಿನ್ನಿ ತಟಕ್ಕನೆ ತಲೆಯೆತ್ತಿದಳು.

"ಯಾಕಕ್ಕಾ, ಏನಾಯ್ತು?" ಅಂದ ಬೇಕರಿಯಣ್ಣ. ಅವನು ಕೇಳಿದ್ದು ಪ್ರೀತಿಯಿಂದಲೇ. ಆದರೆ ಇಷ್ಟು ದಿನ ಅದುಮಿಟ್ಟಿದ್ದದ್ದು ಆ ಒಂದು ಮಾತಿಗೇ ಕಟ್ಟೆಯೊಡೆಯಿತು.

"ಏನಾಯ್ತಾ? ಒಂಬತ್ತು ವರ್ಷ ಆಯ್ತು ಅವಳಿಗೆ! ಒಂದು ಸಾಲು ಓದೋಕೆ ಬರಲ್ಲ! ಕಲೀತಾರೆ, ತಾವಾಗೇ ಕಲೀತಾರೆ ಅಂತ ಎಲ್ಲರೂ ಹೇಳಿದ್ದೇ ಹೇಳಿದ್ದು. ಎಲ್ಲಿ ಕಲಿತಳು? ನಿಮ್ಮ ಸೈಕಲ್ಲು, ನಿಮ್ಮ ಹಿಟ್ಟು, ನಿಮ್ಮ ಗಡಿಯಾರ, ಇದನ್ನೆಲ್ಲ ಕಟ್ಕೊಂಡು ನನ್ನ ಮಗಳು ಏನು ಮಾಡ್ಬೇಕು?"

ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಅಡುಗೆ ಅಜ್ಜಿ ಮಾತ್ರ ಪಿನ್ನಿಯ ಕಡೆ ನೋಡಿ, ಮತ್ತೆ ಕಣ್ಣು ತೆಗೆದಳು. ತಪ್ಪು ಮಾಡಿದವರ ಮೌನ ಇದು, ಅಂದುಕೊಂಡಳು ಟೈಲರಕ್ಕ. ಸೋತವರ ಮುಂದೆ ಇನ್ನೂ ಜೋರಾಗುವ ಚಪಲ ಮನುಷ್ಯರಿಗೆ ಇರುತ್ತದಲ್ಲ, ಅದು ಅವಳನ್ನೂ ಹಿಡಿಯಿತು.

"ಈಗ್ಯಾಕೆ ಬಾಯಿ ಬರ್ತಿಲ್ಲ? ಮಗು ದಡ್ಡಿಯಾಗ್ತಿರೋದನ್ನ ನೋಡ್ಕೊಂಡು ಕೂತಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ? ಕಲಿಸ್ಬಾರ್ದಂತೆ! ನಾನು ಕದ್ದುಮುಚ್ಚಿ ಕಲಿಸ್ದೆ, ಹೌದು, ನಿಮ್ಮ ಕಟ್ಟುಪಾಡು ಮುರಿದೆ. ಆದ್ರೂ ಬರಲಿಲ್ಲ. ಅಷ್ಟು ತಡ ಆಗಿಹೋಗಿತ್ತು!"

"ಪಿನ್ನೀ," ಅಂದಳು ಅಡುಗೆ ಅಜ್ಜಿ ಮೆಲ್ಲಗೆ. "ನೀನೇ ಹೇಳ್ತೀಯೇನಮ್ಮ?"

ಗಡಿಯಾರದ ತಾತನಿಗೆ ಎರಡು ಕಣ್ಣಿಗೂ ಪೊರೆ ಬಂದು ಮುಖಗಳೆಲ್ಲ ಮಸುಕು. ಪಿನ್ನಿ ಇದ್ದ ದಿಕ್ಕಿಗೆ ಕೈ ಚಾಚಿದ. ಅಷ್ಟರಲ್ಲಿ ಅವಳು ಎದ್ದಾಗಿತ್ತು. ತಾತನ ತೊಡೆಯ ಕೆಳಗೆ ಮಡಚಿಟ್ಟಿದ್ದ ಆ ದಿನದ ಪೇಪರನ್ನು ಎಳೆದುಕೊಂಡು, ಒಳಪುಟ ತೆಗೆದು, ನಿಂತಲ್ಲೇ ಓದತೊಡಗಿದಳು.

"ಅಂಗಡಿಯೊಳಗೇ ನಿದ್ದೆ ಹೋದ ಕಳ್ಳ. ಹಾಸಿಗೆ ಅಂಗಡಿಯೊಂದರ ಹಿಂಬಾಗಿಲಿನಿಂದ ನುಗ್ಗಿದ ಕಳ್ಳನು ಹೊಸ ಹಾಸಿಗೆಯ ಮೇಲೆ ಮಲಗಿ ನಿದ್ರಿಸಿದ್ದು, ಬೆಳಿಗ್ಗೆ ಬಾಗಿಲು ತೆರೆದ ಮಾಲೀಕರೇ ಅವನನ್ನು ಎಬ್ಬಿಸಬೇಕಾಯಿತು..."

ತಡೆಯಿಲ್ಲ, ತೊದಲಿಲ್ಲ. ಟೈಲರಕ್ಕನಿಗೆ ಯಾವತ್ತೂ ಸಾಧ್ಯವಾಗದಷ್ಟು ವೇಗವಾಗಿ, ಪೊಲೀಸರ ಹೇಳಿಕೆಯ ತನಕ ಓದಿ ಮುಗಿಸಿದಳು. ಬೇರೆ ದಿನವಾಗಿದ್ದರೆ ಆ ಕಳ್ಳನ ಸುದ್ದಿಗೆ ಮನೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಪಿನ್ನಿ ಪೇಪರನ್ನು ಮಡಚಿ ತಾತನ ಕೈಗಿಟ್ಟು, ಅಮ್ಮನ ಕಡೆ ನೋಡದೆ ಹೊರಗೆ ಹೋದಳು.

"ದಿನಾ ಮಧ್ಯಾಹ್ನ ನನಗೆ ಪೇಪರ್ ಓದೋದು ಅವಳೇ ಕಣಮ್ಮ," ಅಂದ ತಾತ, ತಾನೇ ತಪ್ಪು ಮಾಡಿದವನ ದನಿಯಲ್ಲಿ. "ಕಳ್ಳತನದ ಸುದ್ದಿ ಮೊದಲು ಓದ್ಬೇಕು ಅಂತ ನಮ್ಮ ಕರಾರು. ಅಕ್ಷರ ಕಲ್ತ್ಕೊಂಡೇ ಬಂದ್ಲು ನನ್ನ ಹತ್ರ. ಯಾರು ಹೇಳಿಕೊಟ್ರು ಅಂತ ನಾನು ಕೇಳಲಿಲ್ಲ. ಓದು ಆಮೇಲೆ ತಾನಾಗೇ ಹತ್ತಿತು. ನಿನಗೆ ಎಲ್ಲರಿಗಿಂತ ಮೊದಲು ಹೇಳಿರ್ತಾಳೆ ಅಂತ ನಾವು..."

ಮಾತು ಮುಗಿಸಲಿಲ್ಲ ತಾತ. ಮುಗಿಸುವ ಅಗತ್ಯವೂ ಇರಲಿಲ್ಲ. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಾಲು ಕುಡಿಯುವ ಕೂಸು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ಹೆತ್ತವಳು ಒಬ್ಬಳೇ, ಮತ್ತು ಅವಳೇ ನಡುವೆ ನಿಂತುಕೊಂಡು ನಾಚಿಕೆ ಆಗಲ್ವಾ ಅಂತ ಎಲ್ಲರನ್ನೂ ಕೇಳಿದ್ದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಕೂರಲಾಗಲಿಲ್ಲ, ಹೋಗಲಾಗಲಿಲ್ಲ. ಕೊನೆಗೆ ಅಡುಗೆ ಅಜ್ಜಿಯೇ ಬಂದು, "ಬಾ, ಊಟಕ್ಕೆ ಬಡಿಸೋಣ, ನನಗೊಬ್ಬಳಿಗೇ ಆಗಲ್ಲ," ಅಂತ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಯಾರೂ ಒಂದು ಕೊಂಕು ನುಡಿಯಲಿಲ್ಲ. ಒಂದಿಷ್ಟು ಬೈದಿದ್ದರೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತೇನೋ.

ಪಿನ್ನಿ ಆ ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗಿದಳು. ಟೈಲರಕ್ಕ ಮೊದಲು ಸಿಟ್ಟುಮಾಡಿಕೊಂಡಳು. ಎಷ್ಟು ಮೋಸ ಇದು, ಓದೋಕೆ ಬಂದೂ ಬಾರದವಳ ಹಾಗೆ ನಾಟಕ! ನನ್ನನ್ನು ಎಲ್ಲರೆದುರು ಹೀಗೆ ನಿಲ್ಲಿಸೋಕೇ ಮಾಡಿದಳಾ? ಆದರೆ ಆ ಸಿಟ್ಟಿಗೆ ಕಾಲೇ ಇರಲಿಲ್ಲ. ಸ್ಕೇಲಿನ ಏಟು ತಿಂದ ಗೆಣ್ಣು ನೆನಪಾದದ್ದೇ ಕುಸಿದುಬಿತ್ತು.

ಭಾನುವಾರ ಬೆಳಿಗ್ಗೆ ಅಕ್ಕ ಆಟೋದಲ್ಲಿ ಬಂದಿಳಿದಳು. ಸೈಕಲ್ ರಿಪೇರಿಯ ಮುಂದೆ ನಾಲ್ಕೈದು ಜನ ಇದ್ದರು. ಆಚೆ ಕರೆದು ಹೇಳಬಹುದಿತ್ತು. ಟೈಲರಕ್ಕ ಅಲ್ಲೇ, ಅವರೆದುರಿಗೇ ಹೇಳಿದಳು.

"ಅಕ್ಕಾ, ಅವಳಿಗೆ ಓದೋಕೆ ಬರುತ್ತೆ. ಚೆನ್ನಾಗೇ ಬರುತ್ತೆ. ನನಗೆ ಗೊತ್ತಿರಲಿಲ್ಲ."

"ಏನೇ ಹಾಗಂದ್ರೆ? ನಿನ್ನ ಮಗಳಿಗೆ ಓದೋಕೆ ಬರುತ್ತೆ ಅನ್ನೋದು ನಿನಗೇ ಗೊತ್ತಿಲ್ವಾ?"

"ಇಲ್ಲ."

ಅಕ್ಕ ಆಚೀಚೆ ನೋಡಿದಳು, ಯಾರಾದರೂ ತಮಾಷೆ ಅಂತ ನಗುತ್ತಾರೇನೋ ಅಂತ. ಆಮೇಲೆ ತಲೆಯಲ್ಲಾಡಿಸಿ, "ದೇವರು ಕಾಪಾಡ್ಲಿ ನಿನ್ನನ್ನ," ಅಂತ ಅದೇ ಆಟೋ ಹತ್ತಿದಳು. ಆಟೋ ತಿರುವಿನಲ್ಲಿ ಮರೆಯಾಗುವ ತನಕ ಟೈಲರಕ್ಕ ಅಲ್ಲೇ ನಿಂತಿದ್ದಳು. ಅಕ್ಕ ಜೀವಮಾನದಲ್ಲಿ ಅವಳಿಗೆ ಆಡಿದ್ದ ಮಾತುಗಳಲ್ಲಿ ಇದೊಂದೇ ತನಗೆ ಪೂರ್ತಿ ಸಲ್ಲುವಂಥದ್ದು ಅನ್ನಿಸಿತು. ಪಿನ್ನಿ ಮಾತ್ರ ಇಡೀ ದಿನ ಕಣ್ಣಿಗೆ ಬೀಳಲಿಲ್ಲ. ಹುಡುಕಿಕೊಂಡು ಹೋಗುವ ಮುಖ ಟೈಲರಕ್ಕನಿಗೂ ಇರಲಿಲ್ಲ.

ಸಂಜೆ ಎಲ್ಲರೂ ಅಂಗಳ ಸೇರಿದರು. ನೀಲಿ ಫ್ರಾಕಿನ ಅಂಚಿಗೆ ಪಟ್ಟಿ ಕೊಟ್ಟು ಉದ್ದ ಮಾಡೋಣ ಅಂತ ತುಂಡು ಬಟ್ಟೆ ಹುಡುಕುತ್ತಾ ಟೈಲರಕ್ಕ ಬಟ್ಟೆ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ದೀಪ ಉರಿಯುತ್ತಿತ್ತು. ಪಿನ್ನಿ ಕಪ್ಪು ಲೈನಿಂಗ್ ಹಾಸಿಕೊಂಡು, ಪಕ್ಕದಲ್ಲಿ ಸೀಮೆಸುಣ್ಣ ಇಟ್ಟುಕೊಂಡು, ಪಾಠದ ಹೊತ್ತಿಗೆ ಸರಿಯಾಗಿ ಕೂತಿದ್ದಳು.

ಟೈಲರಕ್ಕ ಹೊಸ್ತಿಲಲ್ಲೇ ನಿಂತಳು. ಏನು ಕೇಳಬೇಕು, ಹೇಗೆ ಕೇಳಬೇಕು? ಕ್ಷಮಿಸು ಅನ್ನುವ ಮಾತು ಅವಳ ಬಾಯಿಗೆ ರೂಢಿಯಿರಲಿಲ್ಲ.

"ಯಾಕೇ ಹೇಳಲಿಲ್ಲ ನೀನು?"

ಪಿನ್ನಿ ಸೀಮೆಸುಣ್ಣವನ್ನು ಉರುಳಿಸುತ್ತಾ, "ಬರುತ್ತೆ ಅಂದಿದ್ರೆ ನೀನು ಬಾಗಿಲು ತೆಗೆದು ಹೋಗ್ಬಿಡ್ತಿದ್ದೆ," ಅಂದಳು.

ಟೈಲರಕ್ಕನ ಕೈಯಿಂದ ಫ್ರಾಕು ಜಾರಿತು.

"ಹೊಡೆದಾಗ್ಲಾದ್ರೂ ಹೇಳ್ಬಾರ್ದಿತ್ತೇನೇ?"

"ಹೊಡೆದಾಗ್ಲೂ ನೀನು ಇಲ್ಲೇ ಇರ್ತಿದ್ಯಲ್ಲ."

ಅವಳ ಮಾತಿನಲ್ಲಿ ದೂರಿರಲಿಲ್ಲ. ಪಂಕ್ಚರ್ ಎಲ್ಲಿದೆ ಅಂತ ತೋರಿಸುವಾಗ ಹೇಳುತ್ತಾಳಲ್ಲ, ಅದೇ ದನಿ. ಟೈಲರಕ್ಕ ಅಲ್ಲೇ ಮೂಟೆಯ ಮೇಲೆ ಕುಸಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸರದಿ ಮೇಲೆ ಬಾ ಅಂದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಅತ್ತಳು. ಮಗಳ ಮುಂದೆ ಅಳೋಕೂ ನಾಚಿಕೆಯಾಯಿತು, ಆದರೂ ಅತ್ತಳು. ಪಿನ್ನಿ ಏನು ಮಾಡಬೇಕೆಂದು ತಿಳಿಯದೆ, ಬಿದ್ದ ಫ್ರಾಕನ್ನೆತ್ತಿ ಮೈಗೆ ಹಿಡಿದು ನೋಡಿ, "ಇದು ನಂದಾ? ಗಿಡ್ಡ ಆಯ್ತಲ್ಲಮ್ಮ," ಅಂದಳು.

"ಹೂಂ. ನನಗೆ ಅಳತೆ ಗೊತ್ತಿರಲಿಲ್ಲ."

ಕೊನೆಗೆ ಟೈಲರಕ್ಕ ಎದ್ದು ಬಾಗಿಲು ಹಾಕಿದಳು, ಚಿಲಕ ಹಾಕಿದಳು. ಹಾಕಿಕೊಂಡ ಮೇಲೆ ಪೇಚಿಗೆ ಬಿದ್ದಳು. ಪಾಠ ಇಲ್ಲ. ಪಾಠವಿಲ್ಲದೆ ಈ ಮಗುವಿನ ಜೊತೆ ಒಂದು ಕೋಣೆಯಲ್ಲಿ ಏನು ಮಾತಾಡಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ.

"ಈಗೇನು ಮಾಡೋಣ?" ಅಂತ ಕೇಳಿದಳು. ಆ ಮನೆಗೆ ಬಂದ ಮೇಲೆ ಅವಳು ಮಗಳನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದೇ ಇರಬೇಕು.

ಪಿನ್ನಿ ಯೋಚಿಸಿದಳು. ಹೋಗಿ ಹಳೇ ಮಷೀನಿನ ಮೇಲಿದ್ದ ಗೋಣಿಚೀಲ ಎಳೆದಳು. ಧೂಳೆದ್ದು ಇಬ್ಬರೂ ಸೀನಿದರು. ಆಮೇಲೆ ಮಗಳು ಬಗ್ಗಿ ಮಷೀನಿನ ಕೆಳಗೆ ನುಗ್ಗಿ ಕೂರಲು ನೋಡಿದಳು. ತಲೆ ತಾಗಿತು. ಮಂಡಿ ಮಡಚಿದರೂ ಹಿಡಿಸಲಿಲ್ಲ, ಪಾದ ಹೊರಗೇ ಉಳಿಯಿತು. ಹೇಗೋ ಕುತ್ತಿಗೆ ಸೊಟ್ಟ ಮಾಡಿಕೊಂಡು ಪೆಡಲಿನ ಪಕ್ಕ ಕೂತು, "ತುಳಿಯಮ್ಮ," ಅಂದಳು.

ದಾರವಿಲ್ಲದ, ಬಟ್ಟೆಯಿಲ್ಲದ ಮಷೀನಿಗೆ ಟೈಲರಕ್ಕ ಕೂತಳು. ಮಗಳಿಗೆ ತಾಗದ ಹಾಗೆ ಕಾಲು ಓರೆಮಾಡಿ ಮೆಲ್ಲಗೆ ತುಳಿದಳು. ತುಕ್ಕು ಹಿಡಿದ ಚಕ್ರ ಕಿರ್ರೆಂದು ಕಚ್ಚಿಕೊಂಡು, ಆಮೇಲೆ ಬಿಟ್ಟುಕೊಂಡು ತಿರುಗಿತು. ಹೊರಗೆ ಯಾರೋ ಬಾಗಿಲು ತಟ್ಟಿ, "ಅಕ್ಕಾ, ಒಳಗಿದ್ದೀರಾ? ಗುಂಡಿ ಕಿತ್ತುಹೋಗಿದೆ," ಅಂದರು.

"ನಾಳೆ ಬನ್ನಿ," ಅಂದಳು ಟೈಲರಕ್ಕ.

ಕಾಲಿಗೆ ಒರಗಿದ ಭಾರ ಇನ್ನೂ ಸ್ವಲ್ಪ ಹೆಚ್ಚಾಯಿತು. ಅವಳು ಆ ಕಾಲನ್ನು ಅಲ್ಲಾಡಿಸದೆ, ಇನ್ನೊಂದೇ ಕಾಲಲ್ಲಿ ತುಳಿಯುತ್ತಾ ಹೋದಳು.